ತಾಯ್ನುಡಿಯ ಓದು, ಪರನುಡಿಯ ಓದು

ಓದುವುದೆಂದರೆ ಕಣ್ಣಿನ ಕೆಲಸವೆಂದು ಸಾಮಾನ್ಯರ ಭಾವನೆ. ಬುದ್ಧಿಯ ಕೆಲಸವೆಂದು ಉಪಾಧ್ಯಾಯರ ಭಾವನೆ. ಅದು ಮನಸ್ಸಿನ ಒಲವಿಗೆ ಸೇರಿದ ಕೆಲಸವೂ ಹೌದೆಂಬುದು ಇಬ್ಬರಿಗೂ ಮರೆತುಹೋಗುವುದುಂಟು. ಒಬ್ಬ ವಿದ್ಯಾರ್ಥಿ ಕನ್ನಡದ ಕಾದಂಬರಿಯನ್ನು ಹಿಡಿದರೆ ಊಟದ ಹೊತ್ತು ಮೀರಿದರೂ ಕೆಳಗಿಡುವುದಿಲ್ಲ. ಅವನೇ ಇಂಗ್ಲಿಷ್ ಪುಸ್ತಕದ ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಆಕಳಿಸುತ್ತಾನೆ. ಇನ್ನೊಬ್ಬಳು ಎರಡು ಭಾಷೆಗಳ ಪುಸ್ತಕಗಳನ್ನೂ ಪರೀಕ್ಷೆಗೆ ಬೇಕಾದಷ್ಟು ಓದಿ ಮುಚ್ಚಿಡುತ್ತಾಳೆ. ಮೂರನೆಯವನಿಗೆ ಇಂಗ್ಲಿಷ್ ಪತ್ರಿಕೆ ಸರಾಗ. ಕನ್ನಡದ ಒಂದು ಪುಟವೆಂದರೆ ಬೆಟ್ಟ ಹತ್ತಿದಂತೆ. ಈ ಮೂವರಲ್ಲಿ ಯಾರೂ ದಡ್ಡರಲ್ಲ. ಆದರೂ ತಮ್ಮನ್ನು ತಾವು ದಡ್ಡರೆಂದು ತಿಳಿದುಕೊಳ್ಳುವವರು ಅನೇಕರು. ಆ ತಿಳಿವಳಿಕೆಯೇ ಬೇರೂರಿ, ಕೊನೆಗೆ ಅವರು ಓದನ್ನೇ ತೊರೆದುಬಿಡುವುದುಂಟು. ಆದುದರಿಂದ ಈ ಒಲವು ಹಾಗೂ ಬೇಸರಗಳ ಹಿಂದಿರುವ ಕಾರಣಗಳನ್ನು ವಿಚಾರಮಾಡುವುದು ಕೇವಲ ಪಂಡಿತರ ವಿನೋದವಲ್ಲ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಈ ವಿಚಾರಕ್ಕೆ ನಿದರ್ಶನವಾಗಿ ತೆಗೆದುಕೊಳ್ಳೋಣ. ಒಂದಕ್ಕೊಂದು ತಾಗಿಕೊಂಡಿರುವ ಈ ತಾಲ್ಲೂಕುಗಳಲ್ಲಿ ಮಲೆನಾಡು ಮುಗಿದು ಬಯಲುಸೀಮೆ ತೊಡಗುತ್ತದೆ. ಭಾಷೆಗಳೂ ಇಲ್ಲಿ ಹಾಗೆಯೇ ಒಂದರ ಅಂಚಿಗೆ ಒಂದು ಬೆರೆತುಕೊಂಡಿವೆ.

ಹಳೆಯ ನೆಲ, ಹಳೆಯ ಪ್ರಶ್ನೆ

ಮನೆಯ ಮಾತನ್ನಾಡುತ್ತ ಬೇರೊಂದು ಭಾಷೆಯ ಗ್ರಂಥಗಳನ್ನು ಓದುವುದು ಈ ನೆಲಕ್ಕೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲಿನ ಕಂಬವನ್ನು ಅನೇಕರು ನೋಡಿರಬಹುದು. ಅದರ ಮೇಲೆ ಕುಬ್ಜನೆಂಬ ಕವಿ ರಚಿಸಿದ ಸಂಸ್ಕೃತ ಕಾವ್ಯವನ್ನು ಕ್ರಿ.ಶ. 5ನೆಯ ಶತಮಾನದಲ್ಲಿ ಕೆತ್ತಲಾಯಿತು. ಕದಂಬರ ಮೂಲಪುರುಷನಾದ ಮಯೂರಶರ್ಮನು ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ವಿದ್ಯಾರ್ಜನೆಗಾಗಿ ಹೋದನೆಂದು ಆ ಶಾಸನವೇ ತಿಳಿಸುತ್ತದೆ. ಅದೇ ದೇವಾಲಯದ ಸಿಂಹಕಟಾಂಜನದ ಮೇಲೆ ಕನ್ನಡ ಪದಗಳುಳ್ಳ ಪ್ರಾಚೀನ ಬರಹವೊಂದು 2013ರಲ್ಲಿ ದೊರಕಿತು. ಭಾರತೀಯ ಪುರಾತತ್ವ ಇಲಾಖೆಯವರು ಅದನ್ನು ಕ್ರಿ.ಶ. 370ರ ಸುಮಾರಿನದೆಂದು ಗುರುತಿಸಿದ್ದಾರೆ. ಹೀಗೆ ಒಂದೇ ಅಂಗಳದಲ್ಲಿ ಎರಡು ಭಾಷೆಗಳು ಒಂದೂವರೆ ಸಾವಿರ ವರ್ಷಗಳಿಗೂ ಹಿಂದಿನಿಂದ ನೆರೆಹೊರೆಯಾಗಿವೆ.

ತಾಳಗುಂದಕ್ಕೆ ಸಮೀಪದ ಬಳ್ಳಿಗಾವಿಯಲ್ಲಿ ಕೋಡಿಯಮಠವೆಂಬ ಪ್ರಸಿದ್ಧ ವಿದ್ಯಾಕೇಂದ್ರವಿದ್ದಿತು. 1162ರ ಶಾಸನವು ಅದನ್ನು ನಾಲ್ಕು ವೇದಗಳು, ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳು, ದರ್ಶನಗಳು, ಕಾವ್ಯ ನಾಟಕಗಳು ಇವೆಲ್ಲವನ್ನೂ ವ್ಯಾಖ್ಯಾನಿಸುವ ಸ್ಥಾನವೆಂದು ವರ್ಣಿಸುತ್ತದೆ. ಒಂದೇ ಭಾಷೆಗೆ ಅಷ್ಟೊಂದು ವ್ಯಾಕರಣಗಳು ಏಕೆ ಬೇಕಾದುವು? ಅಲ್ಲಿ ಓದುತ್ತಿದ್ದವರಿಗೆ ಸಂಸ್ಕೃತವು ತೊಟ್ಟಿಲಲ್ಲಿ ಕೇಳಿ ಬಂದ ಭಾಷೆಯಾಗಿರದೆ, ಗುರುವಿನ ಬಳಿ ಕುಳಿತು ಸಂಪಾದಿಸಬೇಕಾದ ಭಾಷೆಯಾಗಿದ್ದುದೂ ಅದಕ್ಕೆ ಒಂದು ಕಾರಣವಿರಬಹುದು. ಅದೇ ಕಾಲಕ್ಕೆ ಅದೇ ಸೀಮೆಯಲ್ಲಿ ವಚನಕಾರರು ಜನರ ಕನ್ನಡದಲ್ಲಿಯೇ ಅನುಭಾವವನ್ನು ನುಡಿದರು. ಅಕ್ಕಮಹಾದೇವಿಯ ಹುಟ್ಟೂರೆಂದು ಹೆಸರಾದ ಉಡುತಡಿ ಶಿಕಾರಿಪುರದ ಬಳಿಯದು. ಅಲ್ಲಮಪ್ರಭುವಿನ ಹೆಸರು ಬಳ್ಳಿಗಾವಿಯೊಡನೆ ಬೆಸೆದುಕೊಂಡಿದೆ. ಕಲಿತ ಭಾಷೆಯ ಗೌರವ ಒಂದು ಕಡೆ, ಆಡುವ ಭಾಷೆಯ ಸಲಿಗೆ ಮತ್ತೊಂದು ಕಡೆ. ಇಂದು ಸಂಸ್ಕೃತದ ಸ್ಥಾನಕ್ಕೆ ಇಂಗ್ಲಿಷ್ ಬಂದಿದೆ. ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಓದುವಾಗ ನಡೆಯುವುದೇನು?

ನಮ್ಮ ಕಣ್ಣು ಸಾಲಿನ ಮೇಲೆ ನೀರಿನಂತೆ ಹರಿದುಹೋಗುತ್ತದೆಂದು ನಮಗೆ ಅನಿಸುತ್ತದೆ. ವಾಸ್ತವವಾಗಿ ಅದು ಕಪ್ಪೆಯಂತೆ ನೆಗೆದು ನೆಗೆದು ಕುಳಿತುಕೊಳ್ಳುತ್ತದೆ. ಇದನ್ನು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ನೇತ್ರವೈದ್ಯ ಎಮಿಲ್ ಜಾವಲ್ ಮತ್ತು ಅವನ ಸಂಗಡಿಗರು ಮೊದಲು ಗಮನಕ್ಕೆ ತಂದರು. ಅಭ್ಯಾಸವುಳ್ಳ ಓದುಗನ ಕಣ್ಣು ಒಂದೊಂದು ನಿಲುಗಡೆಯಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿನ ನಾಲ್ಕನೆಯ ಅಥವಾ ಐದನೆಯ ಒಂದು ಪಾಲಿನಷ್ಟು ಕಾಲ ತಂಗುತ್ತದೆ. ಅನಂತರ ಮುಂದಕ್ಕೆ ಹಾರುತ್ತದೆ. ಅರ್ಥ ತೊಡಕಾದಾಗ ಹಿಂದಕ್ಕೂ ಹಾರುತ್ತದೆ. ಸರಿಯಾಗಿ ಬಾರದ ಭಾಷೆಯನ್ನು ಓದುವಾಗ ನಿಲುಗಡೆಗಳು ದೀರ್ಘವಾಗುತ್ತವೆ, ಹಿನ್ನೆಗೆತಗಳು ಹೆಚ್ಚುತ್ತವೆ.

ಕಣ್ಣು ತಂದುಕೊಟ್ಟ ಅಕ್ಷರಗಳನ್ನು ಪದವಾಗಿ ಗುರುತಿಸುವುದು, ಪದಗಳನ್ನು ಹೆಣೆದು ವಾಕ್ಯದ ಅರ್ಥ ಕಟ್ಟುವುದು, ಆ ಅರ್ಥವನ್ನು ಮೊದಲೇ ತಿಳಿದ ಸಂಗತಿಗಳೊಡನೆ ಕೂಡಿಸುವುದು, ಇವು ಮನಸ್ಸು ಮಾಡುವ ಕೆಲಸಗಳು. ಮನಸ್ಸಿನ ಗಮನವಾದರೋ ಮಿತವಾದ ಬಂಡವಾಳ. 1974ರಲ್ಲಿ ಅಮೆರಿಕದ ಲಾಬರ್ಜ್ ಮತ್ತು ಸ್ಯಾಮ್ಯುಯೆಲ್ಸ್ ಎಂಬ ಮನೋವಿಜ್ಞಾನಿಗಳು ಈ ವಿಷಯವನ್ನು ವಿಶದಪಡಿಸಿದರು. ಪದಗಳನ್ನು ಗುರುತಿಸುವ ಕೆಲಸ ಅಭ್ಯಾಸಬಲದಿಂದ ತಾನೇ ತಾನಾಗಿ ನಡೆಯುವಂತಾದರೆ ಗಮನವೆಲ್ಲ ಅರ್ಥದ ಕಡೆಗೆ ಉಳಿಯುತ್ತದೆ. ಹಾಗಾಗದಿದ್ದರೆ ಗಮನದ ಬಹುಭಾಗ ಅಕ್ಷರಗಳಲ್ಲಿಯೇ ವೆಚ್ಚವಾಗಿಹೋಗುತ್ತದೆ. ಹೊಸದಾಗಿ ಸೈಕಲ್ ಕಲಿಯುವವನು ದಾರಿಯ ಸೊಬಗನ್ನು ನೋಡಲಾರನಷ್ಟೆ. ಅವನ ಲಕ್ಷ್ಯವೆಲ್ಲ ಬೀಳದಿರುವುದರಲ್ಲಿಯೇ ಇರುತ್ತದೆ. ಹಳ್ಳಿಯಿಂದ ಬಸ್ಸು ಹಿಡಿದು ಶಿಕಾರಿಪುರದ ಅಥವಾ ಸೊರಬದ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಇಂಗ್ಲಿಷ್ ಕಥೆಯ ಸ್ವಾರಸ್ಯ ಕಾಣದಿದ್ದರೆ ಅದು ರಸಿಕತೆಯ ಕೊರತೆಯಲ್ಲ. ಸ್ವಾರಸ್ಯವನ್ನು ಸವಿಯಲು ಬೇಕಾದ ಗಮನ ಅವನ ಕೈಯಲ್ಲಿ ಮಿಗುವುದಿಲ್ಲ.

ಎರಡು ಲಿಪಿಗಳು, ಎರಡು ಬಗೆಯ ಕಷ್ಟ

ಕನ್ನಡದ ವರ್ಣಮಾಲೆಯಲ್ಲಿ ಎಣಿಕೆಗೆ 49 ಅಕ್ಷರಗಳು. ಆದರೆ ಮಗು ಕಲಿಯಬೇಕಾದ ರೂಪಗಳು ಅಷ್ಟಕ್ಕೇ ನಿಲ್ಲುವುದಿಲ್ಲ. 34 ವ್ಯಂಜನಗಳಿಗೆ ಸ್ವರಚಿಹ್ನೆಗಳನ್ನು ಸೇರಿಸಿದರೆ ಕಾಗುಣಿತವು ನಾನೂರನ್ನು ಮೀರುತ್ತದೆ. ಒತ್ತಕ್ಷರಗಳು ಅದರ ಮೇಲೆ. ಕನ್ನಡ ಮಕ್ಕಳ ಓದನ್ನು ಪರಿಶೀಲಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಒಂದು ಸಂಗತಿ ಸ್ಪಷ್ಟವಾಯಿತು: ಅಕ್ಷರಗಳ ಪೂರ್ಣ ಪರಿಚಯ ಒಂದೆರಡು ವರ್ಷಗಳಲ್ಲಿ ಮುಗಿಯುವಂಥದಲ್ಲ, ಅದು ಪ್ರಾಥಮಿಕ ಶಾಲೆಯ ಹಲವು ತರಗತಿಗಳ ಉದ್ದಕ್ಕೂ ಸಾಗುತ್ತದೆ. ಆದರೆ ಒಮ್ಮೆ ಕೈವಶವಾದರೆ ಅಕ್ಷರ ಮೋಸಮಾಡುವುದಿಲ್ಲ, ಬರೆದಂತೆ ಓದಬಹುದು.

ಇಂಗ್ಲಿಷಿನ ರೀತಿ ಇದಕ್ಕೆ ವಿಪರೀತ. ಅಕ್ಷರಗಳು 26 ಮಾತ್ರ, ಕೆಲವೇ ವಾರಗಳಲ್ಲಿ ಕಲಿಯಬಹುದು. ಕಷ್ಟ ಆಮೇಲೆ ತೊಡಗುತ್ತದೆ. ದೋ, ತ್ರೂ, ಕಾಫ್, ರಫ್ ಎಂಬ ನಾಲ್ಕು ಇಂಗ್ಲಿಷ್ ಪದಗಳ ಕೊನೆಯಲ್ಲಿರುವುದು ನಾಲ್ಕು ಅಕ್ಷರಗಳ ಒಂದೇ ಗುಂಪು. ಉಚ್ಚಾರಣೆ ಮಾತ್ರ ನಾಲ್ಕು ಬಗೆ. ಇದು ನಮ್ಮವರಿಗೆ ಮಾತ್ರ ಬಂದ ಕಷ್ಟವಲ್ಲ. ಯೂರೋಪಿನ 13 ಭಾಷೆಗಳ ಮಕ್ಕಳನ್ನು ಹೋಲಿಸಿ ಸೀಮೋರ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಓದಿನ ಮೊದಲ ಮೆಟ್ಟಿಲನ್ನೇರಲು ಇಂಗ್ಲಿಷ್ ಮಕ್ಕಳಿಗೆ ಇತರ ಅನೇಕ ಭಾಷೆಗಳ ಮಕ್ಕಳಿಗಿಂತ ಎರಡು ಪಾಲಿಗೂ ಹೆಚ್ಚು ಕಾಲ ಬೇಕಾಗುತ್ತದೆ. ಹುಟ್ಟಿದಂದಿನಿಂದ ಆ ಮಾತನ್ನೇ ಕೇಳುವವರ ಗತಿ ಹೀಗಿರುವಾಗ, ವಾರಕ್ಕೆ ಕೆಲವು ಗಂಟೆ ಮಾತ್ರ ಕೇಳುವ ನಮ್ಮ ಮಕ್ಕಳ ತೊಡಕು ಆಶ್ಚರ್ಯಕರವಲ್ಲ.

ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯ. ಓದಿನ ವೇಗವನ್ನು ನಿಮಿಷಕ್ಕೆ ಇಷ್ಟು ಪದಗಳೆಂದು ಎಣಿಸುವ ವಾಡಿಕೆಯುಂಟು. ಮೌನವಾಗಿ ಇಂಗ್ಲಿಷ್ ಓದುವ ಇಂಗ್ಲಿಷ್ ಮಾತಿನ ವಯಸ್ಕರ ಸರಾಸರಿ ವೇಗ ನಿಮಿಷಕ್ಕೆ ಸುಮಾರು 240 ಪದಗಳು. ಕನ್ನಡದ ಓದನ್ನು ಇದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ. ‘ಓದುತ್ತಿದ್ದವರಿಗೆಲ್ಲ’ ಎಂಬ ನಮ್ಮ ಒಂದು ಪದವನ್ನು ಇಂಗ್ಲಿಷಿನಲ್ಲಿ ಹೇಳಲು ಆರು ಪದಗಳು ಬೇಕು. ಎಣಿಕೆ ಕಡಿಮೆ ಬಂದಿತೆಂದು ಕನ್ನಡದ ಓದು ನಿಧಾನವೆನ್ನುವುದು, ಸೇರನ್ನೂ ಪಾವನ್ನೂ ಒಂದೇ ಎಂದು ಎಣಿಸಿದಂತೆ.

ನೂರರಲ್ಲಿ ಎಷ್ಟು ಪದ?

ಲಿಪಿಯ ತೊಡಕು ದಾಟಿದ ಮೇಲೆ ಎದುರಾಗುವುದು ಪದಗಳ ತೊಡಕು. ಒಂದು ಪುಟದಲ್ಲಿ ಎಷ್ಟು ಅಪರಿಚಿತ ಪದಗಳಿದ್ದರೆ ಓದುಗನು ಸಹಿಸಬಲ್ಲನು? ಈ ಪ್ರಶ್ನೆಯನ್ನು ಕುರಿತು ಭಾಷಾಶಿಕ್ಷಣ ತಜ್ಞರು ಅನೇಕ ಪ್ರಯೋಗಗಳನ್ನು ನಡೆಸಿದ್ದಾರೆ. 1989ರಲ್ಲಿ ಬಾಟಿಯಾ ಲಾಫರ್ ಅವರು ನೂರಕ್ಕೆ 95 ಪದಗಳಾದರೂ ತಿಳಿದಿರಬೇಕೆಂದು ಸೂಚಿಸಿದರು. 2000ದಲ್ಲಿ ಹು ಮತ್ತು ನೇಷನ್ ಅವರು ಕಥೆಗಳನ್ನು ಓದಿಸಿ ನೋಡಿದಾಗ, ನೂರಕ್ಕೆ 80 ಪದಗಳು ಮಾತ್ರ ತಿಳಿದಿದ್ದವರಲ್ಲಿ ಯಾರಿಗೂ ಕಥೆ ಸಾಕಷ್ಟು ಅರ್ಥವಾಗಲಿಲ್ಲ. ಬಹುಮಂದಿಗೆ ಇತರರ ಸಹಾಯವಿಲ್ಲದೆ ಅರ್ಥವಾಗಬೇಕಾದರೆ ನೂರಕ್ಕೆ 98 ಪದಗಳಷ್ಟು ತಿಳಿದಿರಬೇಕೆಂದು ಕಂಡುಬಂದಿತು.

300 ಪದಗಳ ಒಂದು ಪುಟವನ್ನು ಊಹಿಸಿಕೊಳ್ಳಿ. ನೂರಕ್ಕೆ 98 ತಿಳಿದವನಿಗೆ ಆ ಪುಟದಲ್ಲಿ ಅಪರಿಚಿತವಾಗುವುದು 6 ಪದಗಳು. ಅವನು ಸಂದರ್ಭದಿಂದಲೇ ಅವುಗಳ ಅರ್ಥವನ್ನು ಊಹಿಸಿಕೊಂಡು ಮುಂದೆ ಸಾಗುತ್ತಾನೆ. 95 ತಿಳಿದವನಿಗೆ 15 ಪದಗಳು. ಅವನು ಎಡವುತ್ತ ಏಳುತ್ತ ಹೇಗೋ ಮುಗಿಸುತ್ತಾನೆ. 80 ತಿಳಿದವನಿಗೆ 60 ಪದಗಳು. ಐದು ಹೆಜ್ಜೆಗೊಂದು ಕಲ್ಲು. ಅವನು ನಿಘಂಟನ್ನು ತೆರೆದರೆ ಕಥೆ ಮರೆಯುತ್ತದೆ, ತೆರೆಯದಿದ್ದರೆ ಕಥೆ ತಿಳಿಯುವುದಿಲ್ಲ. ಇಂಥ ಸ್ಥಿತಿಯಲ್ಲಿ ವಿದ್ಯಾರ್ಥಿಯು ಅಂಗಡಿಯ ಗೈಡಿನ ಮೊರೆಹೊಕ್ಕು ಸಾರಾಂಶವನ್ನು ಕಂಠಪಾಠ ಮಾಡಿದರೆ ಅದನ್ನು ಸೋಮಾರಿತನವೆಂದು ಜರೆಯುವುದು ಸುಲಭ. ಅವನು ಮುಳುಗದಿರುವ ಉಪಾಯವನ್ನು ಹುಡುಕಿಕೊಂಡಿದ್ದಾನೆಂದು ಹೇಳುವುದು ಹೆಚ್ಚು ಸರಿ. ಆದರೆ ಹಾಗೆ ಮಾಡಿದವನು ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಓದುಗನಾಗಿ ಬೆಳೆಯುವುದಿಲ್ಲ.

ಈ ಲೆಕ್ಕ ಪರಭಾಷೆಗೆ ಮಾತ್ರ ಅನ್ವಯಿಸುವುದೆಂದು ತಿಳಿಯಬಾರದು. ಬಿ.ಎ. ತರಗತಿಯಲ್ಲಿ ಐಚ್ಛಿಕ ಕನ್ನಡವನ್ನು ತೆಗೆದುಕೊಂಡ ವಿದ್ಯಾರ್ಥಿ ಪಂಪನ ಕಾವ್ಯವನ್ನು ಎದುರಿಸುವಾಗ ಅವನ ಸ್ಥಿತಿಯೂ ಇದೇ. ಹಳಗನ್ನಡವು ಅವನ ಸ್ವಂತ ಭಾಷೆಯ ಹಿಂದಿನ ರೂಪವೇ ಆದರೂ ಪದಪದಕ್ಕೂ ಅರ್ಥಕೋಶ ಬೇಕಾದಾಗ ಅದು ಅವನ ಪಾಲಿಗೆ ಪರಭಾಷೆಯೇ ಸರಿ. ಕನ್ನಡದ ವಿದ್ಯಾರ್ಥಿಗೆ ಪಂಪನಲ್ಲಿ ಆಗುವ ಬೇಸರಕ್ಕೂ ಇಂಗ್ಲಿಷ್ ವಿದ್ಯಾರ್ಥಿಗೆ ಷೇಕ್ಸ್‌ಪಿಯರನಲ್ಲಿ ಆಗುವ ಬೇಸರಕ್ಕೂ ಮೂಲ ಒಂದೇ.

ತಾಯ್ನುಡಿಯ ಬಲ ಪರನುಡಿಗೆ ಒದಗುವುದೇ?

ತಾಯ್ನುಡಿಯಲ್ಲಿ ಚೆನ್ನಾಗಿ ಓದುವವನು ಪರನುಡಿಯಲ್ಲಿಯೂ ಚೆನ್ನಾಗಿ ಓದುವನೆ? ಇದರ ಬಗೆಗೆ ಎರಡು ವಾದಗಳಿವೆ. ಕೆನಡದ ಜಿಮ್ ಕಮಿನ್ಸ್ ಅವರು 1979ರಲ್ಲಿ ಮಂಡಿಸಿದ ವಾದದಂತೆ, ಭಾಷೆಗಳು ಮೇಲೆ ಬೇರೆ ಬೇರೆಯಾಗಿ ಕಂಡರೂ ಅವುಗಳ ತಳದಲ್ಲಿ ಒಂದೇ ಸಾಮರ್ಥ್ಯವಿರುತ್ತದೆ. ಸಾರಾಂಶ ಹಿಡಿಯುವುದು, ಮುಂದಿನದನ್ನು ಊಹಿಸುವುದು, ವಾದದ ಎಳೆಯನ್ನು ಹಿಂಬಾಲಿಸುವುದು, ಇವನ್ನು ಕನ್ನಡದಲ್ಲಿ ಒಮ್ಮೆ ಕಲಿತವನು ಇಂಗ್ಲಿಷಿಗಾಗಿ ಮತ್ತೆ ಕಲಿಯಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ 1980ರಲ್ಲಿ ಮಾರ್ಕ್ ಕ್ಲಾರ್ಕ್ ಅವರು ಸ್ಪ್ಯಾನಿಷ್ ಮಾತಿನ ವಯಸ್ಕರನ್ನು ಪರೀಕ್ಷಿಸಿ ಬೇರೊಂದು ಸಂಗತಿಯನ್ನು ತೋರಿಸಿದರು. ಸ್ವಂತ ಭಾಷೆಯಲ್ಲಿ ನುರಿತ ಓದುಗರು ಕೂಡ ಇಂಗ್ಲಿಷಿಗೆ ಬಂದಾಗ ಆ ಭಾಷೆಯ ಜ್ಞಾನ ಸಾಲದೆ ತಮ್ಮ ನೈಪುಣ್ಯದ ಬಹುಭಾಗವನ್ನು ಕಳೆದುಕೊಂಡರು. ವಿದ್ಯುತ್ತಿನ ತಂತಿ ನಡುವೆ ಕಡಿದರೆ ದೀಪ ಹೊತ್ತಿಕೊಳ್ಳದಂತೆ, ಭಾಷಾಜ್ಞಾನವು ಒಂದು ಹೊಸ್ತಿಲನ್ನು ದಾಟುವ ತನಕ ಒಳಗಿನ ಸಾಮರ್ಥ್ಯ ಬೆಳಗುವುದಿಲ್ಲ.

ಎರಡರಲ್ಲಿಯೂ ಸತ್ಯವುಂಟು. ಎಲಿಜಬೆತ್ ಬರ್ನ್‌ಹಾರ್ಟ್ ಅವರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಒಂದು ಅಂದಾಜನ್ನು ಮುಂದಿಟ್ಟರು. ಪರಭಾಷೆಯ ಓದಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಕಾಣುವ ವ್ಯತ್ಯಾಸದಲ್ಲಿ ಶೇಕಡ 20ರಷ್ಟನ್ನು ಸ್ವಂತ ಭಾಷೆಯ ಓದಿನ ಬಲದಿಂದ, ಶೇಕಡ 30ರಷ್ಟನ್ನು ಪರಭಾಷೆಯ ಜ್ಞಾನದಿಂದ ವಿವರಿಸಬಹುದು. ಉಳಿದ ಅರ್ಧ? ಅದರಲ್ಲಿ ಆಸಕ್ತಿ, ಪ್ರೇರಣೆ, ವಿಷಯದ ಪರಿಚಯ ಮುಂತಾದುವು ಅಡಗಿವೆಯೆಂದು ಅವರ ಅಭಿಪ್ರಾಯ. ಶಾಲೆಗಳಲ್ಲಿ ನಾವು ಅಳೆಯದೆ ಬಿಟ್ಟಿರುವುದು ಬಹುಮಟ್ಟಿಗೆ ಈ ಅರ್ಧವನ್ನೇ.

ಒಲವಿನ ಮೂರು ಅಂಗಗಳು

ಓದಿನ ಬಗೆಗಿನ ಮನೋಭಾವವನ್ನು ತಜ್ಞರು ಸ್ಥೂಲವಾಗಿ ಮೂರು ಅಂಗಗಳಾಗಿ ವಿಂಗಡಿಸುತ್ತಾರೆ. ಓದುವಾಗ ಆಗುವ ಸುಖ ಅಥವಾ ಅಳುಕು ಮೊದಲನೆಯದು. ಓದಿನಿಂದ ಪ್ರಯೋಜನವುಂಟೆಂಬ ನಂಬಿಕೆ ಎರಡನೆಯದು. ಪುಸ್ತಕವನ್ನು ಕೈಗೆತ್ತಿಕೊಳ್ಳುವ ಪ್ರವೃತ್ತಿ ಮೂರನೆಯದು. ಈ ಮೂರೂ ಸದಾ ಜೊತೆಯಾಗಿ ನಡೆಯುವುದಿಲ್ಲ. ‘ಇಂಗ್ಲಿಷ್ ಬಂದರೆ ಕೆಲಸ ಸಿಗುತ್ತದೆ’ ಎಂಬ ಮಾತನ್ನು ನಮ್ಮ ಊರುಗಳಲ್ಲಿ ಯಾರ ಬಾಯಲ್ಲಿಯಾದರೂ ಕೇಳಬಹುದು. ಹಾಗೆನ್ನುವ ವಿದ್ಯಾರ್ಥಿಯೇ ಇಂಗ್ಲಿಷ್ ಪುಸ್ತಕವನ್ನು ಕಂಡರೆ ಮುಖ ತಿರುಗಿಸುವುದೂ ಉಂಟು. ಕನ್ನಡದ ವಿಷಯದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ: ಓದಿದರೆ ಸಂತೋಷ, ಆದರೆ ‘ಅದರಿಂದ ಏನು ಬಂತು?’ ಎಂಬ ಉದಾಸೀನ. ಒಂದರಲ್ಲಿ ನಂಬಿಕೆಯುಂಟು, ಸುಖವಿಲ್ಲ. ಮತ್ತೊಂದರಲ್ಲಿ ಸುಖವುಂಟು, ನಂಬಿಕೆಯಿಲ್ಲ.

ಇವೆರಡರಲ್ಲಿ ಓದನ್ನು ನಡೆಸುವ ಶಕ್ತಿ ಯಾವುದಕ್ಕೆ ಹೆಚ್ಚು? ಜಪಾನಿನ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳನ್ನು ಕುರಿತು ಜುಂಕೊ ಯಮಶಿತ ಅವರು 2004ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಓದಿನಲ್ಲಿ ಸುಖವನ್ನು ಕಂಡವರು ಇಂಗ್ಲಿಷಿನಲ್ಲಿ ಹೆಚ್ಚು ಪುಟಗಳನ್ನು ಓದಿದರು; ಓದಿನಿಂದ ಪ್ರಯೋಜನವಿದೆಯೆಂದು ನಂಬಿದ ಮಾತ್ರಕ್ಕೆ ಯಾರೂ ಹೆಚ್ಚು ಓದಲಿಲ್ಲ. 2007ರಲ್ಲಿ ಅವರೇ ಪ್ರಕಟಿಸಿದ ಮತ್ತೊಂದು ಅಧ್ಯಯನದಿಂದ, ತಾಯ್ನುಡಿಯ ಓದಿನ ಬಗೆಗಿನ ಮನೋಭಾವವು ಪರನುಡಿಗೂ ಹರಿದುಬರುತ್ತದೆಂದು ತಿಳಿದುಬಂದಿತು. ಸಾಮರ್ಥ್ಯಕ್ಕೆ ಅಡ್ಡವಾಗುವ ಭಾಷಾಜ್ಞಾನದ ಹೊಸ್ತಿಲು ಮನೋಭಾವಕ್ಕೆ ಅಷ್ಟಾಗಿ ಅಡ್ಡವಾಗಲಿಲ್ಲ. ಇದು ಬಹಳ ಮುಖ್ಯವಾದ ಸಂಗತಿ. ಕನ್ನಡದಲ್ಲಿ ಓದುವ ರುಚಿ ಹತ್ತಿದವನು ಇಂಗ್ಲಿಷ್ ಇನ್ನೂ ಸರಿಯಾಗಿ ಬಾರದಿದ್ದರೂ ಪುಸ್ತಕವೆಂಬ ವಸ್ತುವಿನ ಮೇಲಿನ ವಿಶ್ವಾಸವನ್ನು ಜೊತೆಗೆ ಕೊಂಡೊಯ್ಯುತ್ತಾನೆ. ಕನ್ನಡದಲ್ಲಿಯೇ ಓದನ್ನು ದಂಡನೆಯೆಂದು ಕಂಡವನು ಇಂಗ್ಲಿಷಿಗೂ ಆ ಕಹಿಯನ್ನೇ ಒಯ್ಯುತ್ತಾನೆ.

ಓದು ಓದನ್ನು ಬೆಳೆಸುತ್ತದೆ. ಓದದಿರುವಿಕೆ ಓದದಿರುವಿಕೆಯನ್ನು ಬೆಳೆಸುತ್ತದೆ. ಉಳ್ಳವನು ಇನ್ನಷ್ಟು ಉಳ್ಳವನಾಗುವ, ಇಲ್ಲದವನು ಇದ್ದುದನ್ನೂ ಕಳೆದುಕೊಳ್ಳುವ ಈ ಚಕ್ರಕ್ಕೆ ಕೀತ್ ಸ್ಟಾನೊವಿಚ್ ಅವರು 1986ರಲ್ಲಿ ಬೈಬಲಿನ ಒಂದು ಮಾತಿನಿಂದ ಬಂದ ‘ಮ್ಯಾಥ್ಯೂ ಪರಿಣಾಮ’ವೆಂಬ ಹೆಸರನ್ನು ಬಳಸಿದರು. ಚಕ್ರ ಯಾವ ಕಡೆಗೆ ತಿರುಗುವುದೆಂಬುದು ಅನೇಕ ವೇಳೆ ಎಳೆಯ ವಯಸ್ಸಿನಲ್ಲಿಯೇ ನಿಶ್ಚಯವಾಗುತ್ತದೆ.

ಮನೆಯ ಮಾತು, ಶಾಲೆಯ ಮಾತು

ಇಷ್ಟು ಹೊತ್ತೂ ‘ತಾಯ್ನುಡಿ’ ಎಂಬ ಪದವನ್ನು ನಾವು ಸರಳಾರ್ಥದಲ್ಲಿ ಬಳಸಿದೆವು. ಶಿಕಾರಿಪುರ ಸೊರಬಗಳಲ್ಲಿ ಅದು ಅಷ್ಟು ಸರಳವಲ್ಲ. ಶಿಕಾರಿಪುರ ತಾಲ್ಲೂಕಿನ ತಾಂಡಾಗಳಲ್ಲಿ ಬೆಳೆಯುವ ಮಗುವಿನ ಮನೆಮಾತು ಲಂಬಾಣಿ. ಅದು ರಾಜಸ್ಥಾನಿಗೆ ಹತ್ತಿರದ ಭಾಷೆ, ಅದಕ್ಕೆ ಪರಂಪರೆಯಿಂದ ಬಂದ ಸ್ವಂತ ಲಿಪಿಯಿಲ್ಲ. ಶಿರಾಳಕೊಪ್ಪದಂಥ ಊರುಗಳಲ್ಲಿ ಉರ್ದು ಮನೆಮಾತಿನ ಕುಟುಂಬಗಳಿವೆ. ಉರ್ದುವಿನ ಸಾಲು ಬಲದಿಂದ ಎಡಕ್ಕೆ ಸಾಗುತ್ತದೆ. ಕೊಂಕಣಿ ಆಡುವವರೂ ಉಂಟು. ಸೊರಬದ ಕಡೆಯ ಹವ್ಯಕರ ಮನೆಗಳ ಕನ್ನಡಕ್ಕೂ ಪಠ್ಯಪುಸ್ತಕದ ಕನ್ನಡಕ್ಕೂ ಅಂತರವಿದೆ. ದೀವರ ಆಡುಮಾತಿಗೂ ಪುಸ್ತಕದ ಮಾತಿಗೂ ಅಂತರವಿದೆ. ಆಡುವ ರೂಪ ಮತ್ತು ಬರೆಯುವ ರೂಪಗಳ ನಡುವೆ ಇಂಥ ದೊಡ್ಡ ಬಿರುಕಿರುವ ಸ್ಥಿತಿಯನ್ನು ಚಾರ್ಲ್ಸ್ ಫರ್ಗುಸನ್ ಅವರು 1959ರಲ್ಲಿ ಶಾಸ್ತ್ರೀಯವಾಗಿ ವಿವರಿಸಿದರು.

ಹೀಗಿರುವಾಗ ತಾಂಡಾದ ಹುಡುಗಿಗೆ ಕನ್ನಡವೇ ಎರಡನೆಯ ಭಾಷೆ. ಇಂಗ್ಲಿಷ್ ಮೂರನೆಯದು, ಪ್ರೌಢಶಾಲೆಯ ಹಿಂದಿ ನಾಲ್ಕನೆಯದು. ಆಕೆ ತನ್ನ ಮನೆಯ ಮಾತಿನಲ್ಲಿ ಒಂದು ಪುಸ್ತಕವನ್ನೂ ಓದಿರಲಾರಳು. ಆದುದರಿಂದ ಓದಿನ ಸುಖವನ್ನು ಆಕೆಗೆ ಮೊದಲು ತೋರಿಸಬೇಕಾದ ಭಾರ ಕನ್ನಡದ ಮೇಲೆಯೇ ಬೀಳುತ್ತದೆ. ಆಕೆಯ ಕನ್ನಡದ ಉಚ್ಚಾರಣೆಯನ್ನು ಕಂಡು ತರಗತಿ ನಕ್ಕಿತೆಂದರೆ ಎರಡು ಬಾಗಿಲುಗಳು ಒಟ್ಟಿಗೆ ಮುಚ್ಚಿದಂತೆ. ಆದರೆ ಮನೆಮಾತು ಬೇರೆಯಾದುದರಿಂದಲೇ ಕನ್ನಡದ ಓದು ಕುಂದಬೇಕೆಂಬ ನಿಯಮವೇನೂ ಇಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ನೆರೆಯ ಸಾಗರದಲ್ಲಿ ನೆಲಸಿ ಕನ್ನಡಕ್ಕೆ ಅನೇಕ ಕಾದಂಬರಿಗಳನ್ನು ಕೊಟ್ಟ ನಾ. ಡಿಸೋಜ ಅವರದು ಕೊಂಕಣಿ.

ಇನ್ನೊಂದು ವರ್ಗದವರು ‘ಕಾನ್ವೆಂಟ್’ ಎಂದು ಜನ ಕರೆಯುವ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಂದ ಬರುವ ಮಕ್ಕಳು. ಇವರು ಮನೆಯಲ್ಲಿ ಕನ್ನಡವನ್ನೇ ಆಡಿದರೂ ಕನ್ನಡದ ಪುಸ್ತಕ ಇವರಿಗೆ ದೂರ. ಇಂಗ್ಲಿಷಿನ ಪಾಠಗಳನ್ನು ಬರೆಯಬಲ್ಲರು, ಆದರೆ ಆ ಭಾಷೆಯ ಕಥೆಯಲ್ಲಿ ಮೈಮರೆಯುವಷ್ಟು ಸಲಿಗೆ ಎಲ್ಲರಿಗೂ ಬಂದಿರುವುದಿಲ್ಲ. 2007–08ನೆಯ ಸಾಲಿನಿಂದ ಸರಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಏರ್ಪಾಡಾಯಿತು. ಯಾವ ವಯಸ್ಸಿನಲ್ಲಿ ಯಾವ ಭಾಷೆಯೆಂಬ ವಾದದಲ್ಲಿ, ಆ ಭಾಷೆಯಲ್ಲಿ ಮಗು ಪಠ್ಯದ ಹೊರಗೆ ಎಷ್ಟು ಪುಟ ಓದುತ್ತದೆಂಬ ಪ್ರಶ್ನೆ ಮರೆಯಾಗಬಾರದು.

ಏನು ಮಾಡಬಹುದು?

ನಮ್ಮ ದೇಶದ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾತಿಗಿಂತ ಇಂಗ್ಲಿಷ್ ಓದು ಹೆಚ್ಚು ಅವಶ್ಯಕವೆಂದು ಢಾಕಾದಲ್ಲಿ ಅಧ್ಯಾಪಕರ ಶಿಕ್ಷಣದಲ್ಲಿ ತೊಡಗಿದ್ದ ಮೈಕೆಲ್ ವೆಸ್ಟ್ ಅವರು 1926ರಷ್ಟು ಹಿಂದೆಯೇ ವಾದಿಸಿದ್ದರು. ಮಿತವಾದ ಪದಗಳಲ್ಲಿ ಬರೆದ, ಮೆಟ್ಟಿಲು ಮೆಟ್ಟಿಲಾಗಿ ಏರುವ ವಾಚಿಕೆಗಳನ್ನು ಅವರು ಸಿದ್ಧಪಡಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಅತ್ಯುಪಯುಕ್ತ ಪದಗಳ ಪಟ್ಟಿಯಲ್ಲಿ ಸುಮಾರು 2000 ಪದಗಳಿದ್ದುವು. ಓದುಗನ ಮಟ್ಟಕ್ಕೆ ಪುಸ್ತಕವನ್ನು ಇಳಿಸಿದರೆ ಓದುಗನು ಪುಸ್ತಕದ ಮಟ್ಟಕ್ಕೆ ಏರುತ್ತಾನೆಂಬುದು ಇದರ ತತ್ವ.

ಪುಸ್ತಕಗಳ ಸಮೃದ್ಧಿಯಿಂದಲೇ ಏನಾಗಬಲ್ಲುದೆಂಬುದಕ್ಕೆ ಫಿಜಿ ದ್ವೀಪಗಳ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಎಲಿ ಮತ್ತು ಮಂಗುಭಾಯಿ ಎಂಬ ವಿದ್ವಾಂಸರು ಎಂಟು ಗ್ರಾಮೀಣ ಶಾಲೆಗಳ 4 ಮತ್ತು 5ನೆಯ ತರಗತಿಗಳಿಗೆ ಆಕರ್ಷಕವಾದ ಸುಮಾರು 250 ಇಂಗ್ಲಿಷ್ ಕಥೆಪುಸ್ತಕಗಳನ್ನು ಒದಗಿಸಿದರು. ಇಂಗ್ಲಿಷ್ ಆ ಮಕ್ಕಳ ಮನೆಮಾತಲ್ಲ. 1983ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅವರು ಓದಿನಲ್ಲಿ ಮತ್ತು ಕೇಳಿ ತಿಳಿಯುವುದರಲ್ಲಿ ಸಾಮಾನ್ಯ ವೇಗದ ಎರಡರಷ್ಟು ಮುಂದುವರಿದರು. ವ್ಯಾಕರಣದ ಪಾಠ ಹೆಚ್ಚಾದುದರಿಂದ ಇದು ಆದುದಲ್ಲ. ಮಕ್ಕಳು ಕಥೆಗಾಗಿ ಓದಿದುದರಿಂದ ಆಯಿತು.

ವಿಷಯದ ಪರಿಚಯವೂ ದೊಡ್ಡ ಸಹಾಯ. 1979ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಭಾರತೀಯರಿಗೂ ಅಮೆರಿಕದವರಿಗೂ ಎರಡು ಇಂಗ್ಲಿಷ್ ಪತ್ರಗಳನ್ನು ಓದಲು ಕೊಟ್ಟರು. ಒಂದರಲ್ಲಿ ಭಾರತದ ಮದುವೆಯ ವರ್ಣನೆ, ಮತ್ತೊಂದರಲ್ಲಿ ಅಮೆರಿಕದ ಮದುವೆಯದು. ಪ್ರತಿಯೊಬ್ಬರೂ ತಮ್ಮ ನಾಡಿನ ಮದುವೆಯ ಪತ್ರವನ್ನು ಬೇಗ ಓದಿದರು, ಹೆಚ್ಚು ನೆನಪಿಟ್ಟರು. ಪರನಾಡಿನದನ್ನು ತಮಗೆ ತೋಚಿದಂತೆ ತಿರುಚಿಕೊಂಡರು. ಇದರಿಂದ ನಮ್ಮ ಅಧ್ಯಾಪಕರಿಗೆ ಒಂದು ಸೂಚನೆ ದೊರೆಯುತ್ತದೆ. ಎ. ಕೆ. ರಾಮಾನುಜನ್ ಅವರು ಅಕ್ಕಮಹಾದೇವಿ, ಅಲ್ಲಮ ಮೊದಲಾದವರ ವಚನಗಳನ್ನು ಇಂಗ್ಲಿಷಿಗೆ ತಂದ ‘ಸ್ಪೀಕಿಂಗ್ ಆಫ್ ಶಿವ’ 1973ರಲ್ಲಿ ಪ್ರಕಟವಾಯಿತು. ಮಲೆನಾಡಿನ ಅಗ್ರಹಾರದ ಕಥೆಯಾದ ಅನಂತಮೂರ್ತಿಯವರ ‘ಸಂಸ್ಕಾರ’ದ ಅನುವಾದವನ್ನು ಅವರೇ 1976ರಲ್ಲಿ ಹೊರತಂದರು. ಉಡುತಡಿಯ ಪಕ್ಕದ ಊರಿನ ವಿದ್ಯಾರ್ಥಿನಿ ಅಕ್ಕನ ವಚನವನ್ನು ಕನ್ನಡದಲ್ಲಿ ಓದಿ, ಅದನ್ನೇ ಇಂಗ್ಲಿಷಿನಲ್ಲಿ ಓದಿದರೆ ಅರ್ಥದ ಭಾರ ಮೊದಲೇ ಇಳಿದಿರುತ್ತದೆ. ಗಮನವೆಲ್ಲ ಭಾಷೆಗೆ ಮೀಸಲಾಗುತ್ತದೆ. ಅನುವಾದದಲ್ಲಿ ಏನು ಉಳಿಯಿತು, ಏನು ಕಳೆಯಿತು ಎಂದು ಆಕೆ ತಾನೇ ತೀರ್ಪುಹೇಳಬಲ್ಲಳು. ಪರಭಾಷೆಯ ಪುಸ್ತಕದ ಮುಂದೆ ಸದಾ ತಲೆತಗ್ಗಿಸಿದವಳಿಗೆ ಆ ಅಧಿಕಾರದ ಅನುಭವ ಸಣ್ಣದಲ್ಲ.

ಖರ್ಚಿಲ್ಲದ ಒಂದು ಪರೀಕ್ಷೆಯನ್ನು ವಾಚಕರೂ ಮಾಡಿನೋಡಬಹುದು. ಯಾವುದಾದರೂ ಪುಸ್ತಕದಲ್ಲಿ ನೂರು ಪದಗಳನ್ನು ಎಣಿಸಿ ಓದಿರಿ; ತಿಳಿಯದ ಪದ ಬಂದಾಗಲೆಲ್ಲ ಒಂದು ಬೆರಳನ್ನು ಮಡಿಸಿರಿ. ಎರಡು ಬೆರಳೊಳಗೆ ಮುಗಿದರೆ ಆ ಪುಸ್ತಕವನ್ನು ಸಂತೋಷಕ್ಕಾಗಿ ಓದಬಹುದು. ಒಂದು ಕೈಯ ಐದು ಬೆರಳೂ ಮಡಿದರೆ ಅಧ್ಯಾಪಕರ ನೆರವಿನಿಂದ ಓದಬಹುದು. ಎರಡನೆಯ ಕೈಗೆ ಹೋದರೆ ಪುಸ್ತಕವನ್ನು ಸದ್ಯಕ್ಕೆ ಮುಚ್ಚಿಡುವುದು ಲೇಸು. ತಪ್ಪು ಪುಸ್ತಕದ ಆಯ್ಕೆಯದು, ಓದುಗನದಲ್ಲ.

ಪುಸ್ತಕಗಳು ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಅರ್ಧ ಉತ್ತರ ನಮ್ಮಲ್ಲಿಯೇ ಇದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲಕ್ಕೆ ಅಸ್ತಿಭಾರ ಬಿದ್ದಿತು. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಏರ್ಪಾಡನ್ನು ಮಾಡಿತು. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳ ಪಕ್ಕದಲ್ಲಿ ಸುಲಭವಾದ ಕನ್ನಡ ಕಥೆಗಳೂ ಅದಕ್ಕಿಂತ ಸುಲಭವಾದ ಇಂಗ್ಲಿಷ್ ಕಥೆಗಳೂ ಇರಬೇಕು. ಓದಿದ ಮೇಲೆ ಪ್ರಶ್ನೆ ಕೇಳಿ ಅಂಕ ಕೊಡುವವರು ಅಲ್ಲಿ ಇರಬಾರದು.

ಇಷ್ಟರಿಂದ ಒಂದು ನಿರ್ಣಯಕ್ಕೆ ಬರಬಹುದು. ಕನ್ನಡದ ಓದು ಇಂಗ್ಲಿಷಿನ ಓದಿಗೆ ಶತ್ರುವಲ್ಲ. ಕನ್ನಡದ ಓದೊಂದೇ ಇಂಗ್ಲಿಷಿಗೆ ಸಾಕೆಂಬುದೂ ನಿಜವಲ್ಲ. ತಾಯ್ನುಡಿಯು ಓದಿನ ರುಚಿಯನ್ನು ಕೊಡುತ್ತದೆ. ಪರನುಡಿಯ ಪದಸಂಪತ್ತನ್ನು ಮಾತ್ರ ಅದರಲ್ಲಿಯೇ ಸಾಕಷ್ಟು ಪುಟಗಳನ್ನು ಓದಿ ಗಳಿಸಿಕೊಳ್ಳಬೇಕು. ರುಚಿಯಿಲ್ಲದವನು ಆ ಪುಟಗಳನ್ನು ಓದುವುದಿಲ್ಲ. ಪದಗಳಿಲ್ಲದವನಿಗೆ ರುಚಿ ನಿಲ್ಲುವುದಿಲ್ಲ. ಬಳ್ಳಿಗಾವಿಯ ಮಠದಲ್ಲಿ ಸಂಸ್ಕೃತದ ವ್ಯಾಕರಣಗಳನ್ನು ಅಭ್ಯಾಸಮಾಡುತ್ತಿದ್ದ ಕಾಲದಲ್ಲಿಯೇ ಆ ಸೀಮೆಯ ಜನರ ಬಾಯಲ್ಲಿ ಕನ್ನಡದ ವಚನಗಳು ಬೆಳೆದುವು. ಎರಡು ಭಾಷೆಗಳನ್ನು ಸಾಕಬಲ್ಲ ಶಕ್ತಿ ಈ ನೆಲಕ್ಕೆ ಅಂದೂ ಇದ್ದಿತು. ಇಂದಿನ ಮಕ್ಕಳಲ್ಲಿಯೂ ಇದೆ. ಅವರಿಗೆ ಕೊಡಬೇಕಾದುದು ತಮ್ಮ ಅಳತೆಗೆ ತಕ್ಕ ಪುಸ್ತಕ ಮತ್ತು ಅದನ್ನು ಯಾರ ಭಯವೂ ಇಲ್ಲದೆ ಓದುವಷ್ಟು ಹೊತ್ತು.